ತೆಲಿಗಿ ಬಸ್ಸಿನ ಹಳದಿ ಕವರು

ಕವರು ಹಳದಿ ಬಣ್ಣದ್ದು. ಬಟ್ಟೆ ಅಂಗಡಿಯಲ್ಲಿ ಸೀರೆ ಹಾಕಿ ಕೊಡುತ್ತಾರಲ್ಲ, ಅಂಥ ಹಿಡಿಕೆ ಇರುವ ಕವರು. ಇದು ನನಗೆ ಹೇಗೆ ಗೊತ್ತು ಎಂಬ ಪ್ರಶ್ನೆಯಿಂದ ನಾನು ಬಹಳ ದಿನ ತಪ್ಪಿಸಿಕೊಂಡು ತಿರುಗಿದೆ. ಏಕೆಂದರೆ ಆ ಕವರನ್ನು ನಾನು ನೋಡಲೇ ಇಲ್ಲವೆಂದು ಎಲ್ಲರಿಗೂ ಹೇಳಿದ್ದೆ.

ನಾನು ಓದಿದ್ದು ಇತಿಹಾಸ. ಎಂ.ಎ. ಮುಗಿಸಿ, ಆಮೇಲೆ ಕೊಟ್ಟೂರಿನಲ್ಲಿ ಬಿ.ಎಡ್. ಮಾಡಿದೆ. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ಇಂದಿಗೂ ಉಳಿದಿರುವುದು ಒಂದೇ ಅಭ್ಯಾಸ: ಯಾರಾದರೂ ಏನಾದರೂ ಹೇಳಿದರೆ, ಹಾಗೆ ಹೇಳುವುದರಿಂದ ಅವರಿಗೇನು ಲಾಭ ಎಂದು ಮೊದಲು ಕೇಳಿಕೊಳ್ಳುವುದು. ರಾಜರ ಶಾಸನಗಳ ವಿಷಯದಲ್ಲಿ ಇದನ್ನು ಬಹಳ ಹುರುಪಿನಿಂದ ಮಾಡುತ್ತಿದ್ದೆ. ನನ್ನ ವಿಷಯದಲ್ಲಿ ಮಾಡುವ ದಿನ ಬರುತ್ತದೆಂದು ಎಣಿಸಿರಲಿಲ್ಲ.

ಓದು ಮುಗಿದ ಮೇಲೆ ಎರಡು ವರ್ಷ ಕೆಲಸವಿರಲಿಲ್ಲ. ಕೂಡ್ಲಿಗಿಯ ಒಂದು ಖಾಸಗಿ ಶಾಲೆಯಲ್ಲಿ, ಪಾಠದ ಜೊತೆಗೆ ಮಕ್ಕಳ ವ್ಯಾನಿನಲ್ಲೂ ಹೋಗಿಬರಬೇಕು ಎಂದರು, ಎಂ.ಎ. ಮಾಡಿದವನು ವ್ಯಾನಿನ ಬಾಗಿಲಲ್ಲಿ ನಿಲ್ಲುವುದೇ ಎಂದು ಎದ್ದು ಬಂದೆ. ಹಡಗಲಿಯಲ್ಲಿ ಸಂದರ್ಶನಕ್ಕೆ ಕರೆದವರು ನನ್ನ ಹೆಸರನ್ನೇ ತಪ್ಪಾಗಿ ಓದಿದರು. ಹಗರಿಬೊಮ್ಮನಹಳ್ಳಿಯ ಕೋಚಿಂಗ್ ಸೆಂಟರ್ ನಾನು ಸೇರಿದ ತಿಂಗಳಲ್ಲೇ ಬಾಗಿಲು ಹಾಕಿತು. ಆಮೇಲೆ ದಿನಾ ಬೆಳಿಗ್ಗೆ ಬ್ಯಾಗಿನಲ್ಲಿ ಒಂದು ಗೈಡು, ಎರಡು ರೊಟ್ಟಿ ಹಾಕಿಕೊಂಡು ನಮ್ಮೂರಿನಿಂದ ಹರಪನಹಳ್ಳಿ ಬಸ್ಸು ಹತ್ತುತ್ತಿದ್ದೆ. ಗ್ರಂಥಾಲಯಕ್ಕೆ ಹೋಗುತ್ತೇನೆಂದು ಮನೆಯಲ್ಲಿ ಹೇಳುತ್ತಿದ್ದೆ. ಹೆಚ್ಚಿನ ದಿನ ಬಸ್ ನಿಲ್ದಾಣದ ಚಹಾದ ಅಂಗಡಿಯ ಬೆಂಚಿನ ಮೇಲೆಯೇ ಇರುತ್ತಿದ್ದೆ. ಒಂದು ಕಡೆ ಹತ್ತು ನಿಮಿಷ ಕೂರಲು ನನ್ನಿಂದಾಗುತ್ತಿರಲಿಲ್ಲ. ಎದ್ದು ನಿಲ್ದಾಣದ ಒಂದು ಸುತ್ತು ಹಾಕುತ್ತಿದ್ದೆ, ಮತ್ತೆ ಬಂದು ಕೂರುತ್ತಿದ್ದೆ.

ನಮ್ಮದು ಕುರಿ ಸಾಕುವ ಮನೆತನ. ದೊಡ್ಡಪ್ಪನ ಮಗ ಕುರಿ ಹೊಡೆದುಕೊಂಡು ಹೊರಡುವ ಹೊತ್ತಿಗೇ ನಾನೂ ಬಸ್ಸಿಗೆ ಹೊರಡುತ್ತಿದ್ದುದರಿಂದ ದಿನಾ ಎದುರಾಗುತ್ತಿದ್ದ.

"ಏನಪಾ ಮೇಷ್ಟ್ರ, ಇವತ್ತೂ ಬ್ಯಾಗಿಗೆ ಗಾಳಿ ಕುಡಿಸಾಕ ಹೊಂಟಿ?"

"ಹೋಗಲೇ, ನಿನ್ನ ಕುರಿ ನೋಡ್ಕ."

"ಕುರಿ ನೋಡಾಕ ನಾ ಅದೀನಿ. ನಿನ್ನ ನೋಡಾವ್ರು ಯಾರೂ ಇಲ್ಲಲ್ಲಪಾ, ಅದಕ್ಕ ಕೇಳಿದ್ನಿ."

ಅವನು ನಗುತ್ತ ಹೋಗುತ್ತಿದ್ದ. ಅದು ತಮಾಷೆಯೇ. ಆದರೂ ಅವನ ಮುಖ ತಪ್ಪಿಸಲು ಹಿತ್ತಲಿನ ದಾರಿ ಹಿಡಿಯತೊಡಗಿದೆ.

ಎರಡನೆಯ ವರ್ಷದ ಜೂನ್ ತಿಂಗಳಲ್ಲಿ, ಹರಪನಹಳ್ಳಿ ತಾಲ್ಲೂಕಿನ ಹೊಳೆಸಾಲಿನ ಒಂದು ಹಳ್ಳಿಯ ಪ್ರೌಢಶಾಲೆಗೆ ಸಮಾಜ ವಿಜ್ಞಾನದ ಅತಿಥಿ ಶಿಕ್ಷಕರು ಬೇಕಾಗಿದ್ದಾರೆಂದು ತಿಳಿಯಿತು. ಎರಡು ಹುದ್ದೆ ಎಂದಿದ್ದರು. ನಮ್ಮ ಬಿ.ಎಡ್. ಗುಂಪಿಗೆ ಆ ಸುದ್ದಿಯನ್ನು ಹಾಕಿದವನು ನಾನೇ. ತೆಲಿಗಿ ಊರಿನ ಸಹಪಾಠಿ ಕೂಡಲೇ ಫೋನು ಮಾಡಿದಳು. ತರಗತಿಯಲ್ಲಿ ನನ್ನ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವಳು. ಪ್ರತಿ ಪರೀಕ್ಷೆಯಲ್ಲೂ ನನಗಿಂತ ಒಂದೆರಡು ಅಂಕ ಮುಂದೆಯೇ. ಮೊದಲ ದಿನದಿಂದಲೂ ನನ್ನನ್ನು ಅಣ್ಣ ಎನ್ನುತ್ತಿದ್ದಳು.

"ಅಣ್ಣ, ಕೂಸಿಗೆ ಇನ್ನೂ ಮೂರು ತಿಂಗ್ಳು, ಎತ್ಕಂಡು ಅಷ್ಟು ದೂರ ಬರಾಕಾಗಲ್ಲ. ನಮ್ಮನೆಯವ್ರು ಲಾರಿ ಮ್ಯಾಲೆ ಹೋಗ್ಯಾರೆ. ನಾಳೆ ಎಂಟೂವರೆ ಬಸ್ಸಿಗೆ ಡ್ರೈವರ್ ಕೈಯಾಗೆ ಅರ್ಜಿ ಕೊಟ್ಟು ಕಳಿಸ್ತೀನಿ. ಇಸ್ಕಂಡು ನಿನ್ನದ್ರ ಜೊತೆಗೇ ಕೊಟ್ಬಿಡು."

"ಆತು ತಂಗಿ, ಕಳಿಸು."

"ನಿನಗೊಂದು, ನನಗೊಂದು. ಸ್ಟಾಫ್ ರೂಮಿನಾಗೆ ನನ್ನ ಕೂಸನ್ನ ನೀನೇ ತೂಗಬೇಕು, ಈಗ್ಲೇ ಹೇಳೀನಿ!"

ನಮ್ಮ ಕಡೆ ಇದು ಹೊಸದೇನಲ್ಲ. ಊಟದ ಡಬ್ಬಿ, ಔಷಧಿ, ಟೈಲರ್ ಹತ್ತಿರ ಹೋಗಬೇಕಾದ ಕುಪ್ಪಸದ ಬಟ್ಟೆ, ಮಾರ್ಕ್ಸ್ ಕಾರ್ಡು, ಎಲ್ಲವೂ ಬಸ್ಸಿನ ಡ್ರೈವರ್ ಕೈಯಲ್ಲೇ ಒಂದೂರಿನಿಂದ ಇನ್ನೊಂದೂರಿಗೆ ಹೋಗುತ್ತವೆ. ರಸೀದಿ ಇಲ್ಲ, ಸಹಿ ಇಲ್ಲ. ಈ ಕಡೆ ಇಸ್ಕೊಳ್ಳುವವರು ನಿಂತಿರಬೇಕು, ಅಷ್ಟೇ. ಯಾರೂ ಬರದಿದ್ದರೆ ಡ್ರೈವರು ಅದನ್ನು ನಿಲ್ದಾಣದ ಕಂಟ್ರೋಲರ್ ಕೋಣೆಯ ಕಿಟಕಿಯಲ್ಲಿಟ್ಟು ಹೋಗುತ್ತಾನೆ.

ಅದೇ ದಿನ ಸಂಜೆ, ಯಾವ ಯಾವ ದಾಖಲೆಗಳ ಪ್ರತಿ ಬೇಕೆಂದು ಕೇಳಲು ಆ ಶಾಲೆಯ ಮುಖ್ಯ ಶಿಕ್ಷಕರಿಗೆ ಫೋನು ಮಾಡಿದೆ.

"ಎರಡು ಅಂದಿದ್ವಿ, ಈಗ ಒಂದ ಬಂದೈತಿ ನೋಡ್ರಿ. ಅಂಕ ಯಾರವು ಹೆಚ್ಚು ಅದಾವು ಅವ್ರಿಗೆ. ನಾಳಿ ನಾಕರೊಳಗ ಅರ್ಜಿ ನಮ್ಮ ಕೈಗೆ ಮುಟ್ಟಬೇಕು. ಫೋನಿನಾಗ ಗೀನಿನಾಗ ಕಳಿಸಬ್ಯಾಡ್ರಿ, ನಡಿಯಂಗಿಲ್ಲ."

ಈ ಮಾತು ನನಗೆ ಸರಿಯಾಗಿ ನೆನಪಿದೆ. ಇದರಲ್ಲಿ ಯಾವ ಅನುಮಾನವೂ ಇಲ್ಲ. ಒಂದೇ ಹುದ್ದೆ ಎಂಬುದು ನನಗೆ ಗೊತ್ತಿತ್ತು. ಅವಳಿಗೆ ಹೇಳಲಿಲ್ಲ. ಹೇಳಿದರೆ ಅವಳು ಬೇರೆ ಯಾರ ಕೈಯಲ್ಲಾದರೂ ಅರ್ಜಿ ಕಳಿಸಿಯಾಳು ಎಂದು ಹೊಳೆದಿತ್ತೋ ಇಲ್ಲವೋ, ಅದು ಮಾತ್ರ ಗೊತ್ತಿಲ್ಲ.

ಆ ವಾರ ಅವ್ವ ಮನೆದೇವರ ಗುಡಿಯಲ್ಲಿ ಹೂ ಕೇಳಿಕೊಂಡು ಬಂದಿದ್ದಳು. ಪೂಜಾರಿ ದೇವರ ಮೈಗೆ ಹಸಿ ಹೂಗಳನ್ನು ಅಂಟಿಸುತ್ತಾನೆ, ಕೇಳುವವರು ಎದುರಿಗೆ ಕೂತು ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳುತ್ತಾರೆ. ಬಲಗಡೆಯ ಹೂ ಬಿದ್ದರೆ ಆಗುತ್ತದೆ, ಎಡಗಡೆಯದು ಬಿದ್ದರೆ ಆಗುವುದಿಲ್ಲ. ಅವ್ವನಿಗೆ ಬಲಗಡೆ ಬಿದ್ದಿತ್ತು. ಅರ್ಜಿ ಕೊಡಲು ಹೊರಟ ಬೆಳಿಗ್ಗೆ, ಬಾಡಿದ ಆ ಹೂವನ್ನು ನನ್ನ ಅಂಗಿಯ ಜೇಬಿಗೆ ಹಾಕಲು ಬಂದಳು.

"ಹಸಿ ಹೂವು ಒಣಗಿದ ಮ್ಯಾಲೆ ಬೀಳದ ಏನ್ ಮಾಡ್ತೈತವ್ವ? ಗುರುತ್ವಾಕರ್ಷಣೆ ಅದು."

"ಎರಡು ವರ್ಷ ಆತು, ನಿನ್ನ ಆ ಆಕರ್ಷಣಿ ಏನ್ ತಂದು ಹಾಕ್ಯಾದೋ ನಮ್ಮ ಮನಿಗೆ? ಸುಮ್ನ ಇಟ್ಕ."

ಇಟ್ಟುಕೊಂಡೆ.

ಇನ್ನು ನಿಲ್ದಾಣದಲ್ಲಿ ನಡೆದದ್ದು. ಇದನ್ನು ನಾನು ಬೇರೆ ಬೇರೆ ರೀತಿಯಲ್ಲಿ ನೆನಪಿಸಿಕೊಂಡಿದ್ದೇನೆ. ಒಂದರಲ್ಲಿ, ನಾನು ತೆಲಿಗಿ ಬಸ್ಸಿಗಾಗಿ ಕಾಯುತ್ತಲೇ ಇರುತ್ತೇನೆ, ಅದು ಬರುವುದು ತಡವಾಗುತ್ತದೆ, ಅಷ್ಟರಲ್ಲಿ ಹೊಳೆಸಾಲಿನ ಬಸ್ಸು ಹೊರಡುತ್ತದೆ, ಅದು ತಪ್ಪಿದರೆ ಮಧ್ಯಾಹ್ನದವರೆಗೆ ಮತ್ತೊಂದಿಲ್ಲ, ಓಡಿ ಹತ್ತುತ್ತೇನೆ. ಅವಳಿಗೆ ಹೇಳಿದ್ದು ಇದನ್ನೇ. ಹೇಳುತ್ತ ಹೇಳುತ್ತ ಓಡಿದಾಗಿನ ಉಬ್ಬಸವೂ ಮೈಗೆ ನೆನಪಾಗತೊಡಗಿತು.

ಇನ್ನೊಂದರಲ್ಲಿ, ನಾನು ಚಹಾದ ಅಂಗಡಿಯ ಬೆಂಚಿನ ಮೇಲಿದ್ದೇನೆ. ತೆಲಿಗಿ ಬಸ್ಸು ಬಂದು ನಿಲ್ಲುತ್ತದೆ. ಜನ ಇಳಿಯುತ್ತಾರೆ. ಡ್ರೈವರು ಕೆಳಗಿಳಿದು, ಒಂದು ಕೈಯಲ್ಲಿ ಕವರು ಎತ್ತಿ ಹಿಡಿದು, ಸುತ್ತ ನೋಡುತ್ತಾನೆ. ಅವನ ಕಣ್ಣು ನನ್ನ ಕಡೆಗೂ ಬರುತ್ತದೆ. ನಾನು ಚಹಾದ ಲೋಟದೊಳಗೆ ನೋಡುತ್ತೇನೆ. ಲೋಟದಲ್ಲಿ ಚಹಾ ಇರಲಿಲ್ಲ.

ಫೋನಿನಲ್ಲಿ ಅವಳ ಎರಡು ಮಿಸ್ಡ್ ಕಾಲ್ ಇದ್ದವು. ಎಷ್ಟು ಗಂಟೆಗೆ ಬಂದಿದ್ದವೆಂದು ನೋಡೋಣವೆಂದು ಎಷ್ಟೋ ದಿನಗಳ ನಂತರ ಹುಡುಕಿದೆ. ಇರಲಿಲ್ಲ. ಹಳೆಯವನ್ನು ಫೋನೇ ಅಳಿಸುತ್ತದೆ ಎನ್ನುತ್ತಾರೆ. ನಾನು ಅಳಿಸಿದ ನೆನಪು ಇಲ್ಲ. ನನ್ನ ನೆನಪಿಗೆ ಎಷ್ಟು ಬೆಲೆ ಎಂಬುದು ಬೇರೆ ಮಾತು.

ಆ ದಿನ ಮೂರು ಅರ್ಜಿಗಳು ಬಂದಿದ್ದವು, ನನ್ನ ಅಂಕವೇ ಹೆಚ್ಚು. ಮುಖ್ಯ ಶಿಕ್ಷಕರು ಸೋಮವಾರದಿಂದ ಬರಲು ಹೇಳಿದರು. ಸಂಜೆ ತೆಲಿಗಿಗೆ ಫೋನು ಮಾಡಿ, ಬಸ್ಸು ತಡವಾಯಿತೆಂದೂ ಆಮೇಲೆ ಹೊಳೆಯ ಕಡೆ ನೆಟ್‌ವರ್ಕ್ ಸಿಗಲಿಲ್ಲವೆಂದೂ ಹೇಳಿದೆ. ಹುದ್ದೆ ಒಂದೇ ಆಯಿತಂತೆ ಎಂದೂ ಹೇಳಿದೆ, ಆಗಷ್ಟೇ ತಿಳಿದವನ ಹಾಗೆ.

"ಹೋಗ್ಲಿ ಬಿಡಣ್ಣ, ನಿನಗಾದ್ರೂ ಆತಲ್ಲ. ಕವರು ಕಂಟ್ರೋಲರ್ ತಾವ ಐತಂತೆ, ನಮ್ಮನೆಯವ್ರು ಬಂದಾಗ ಇಸ್ಕಂತಾರೆ."

ಪಾಠ ಮಾಡುವುದು ನನಗೆ ಇಷ್ಟವಾಯಿತು ಎಂಬುದನ್ನೂ ಬರೆಯಬೇಕು. ಹೊಳೆದಂಡೆಯ ಹಲವಾಗಲು ಊರಿನ ಕಡೆಯಿಂದ ಬರುವ ಮಕ್ಕಳು ಹೊಳೆಯ ಬಗ್ಗೆ ನನಗಿಂತ ಹೆಚ್ಚು ತಿಳಿದಿದ್ದರು. ತರಗತಿಯಲ್ಲಿರುವಷ್ಟು ಹೊತ್ತು ಏನೂ ಅನಿಸುತ್ತಿರಲಿಲ್ಲ. ಸ್ಟಾಫ್ ರೂಮಿಗೆ ಬಂದು ಕೂತರೆ, ಕೂಸನ್ನು ನೀನೇ ತೂಗಬೇಕು ಎಂದದ್ದು ಕೇಳುತ್ತಿತ್ತು. ಎದ್ದು ಹೊರಗೆ ಹೋಗುತ್ತಿದ್ದೆ. ದೊಡ್ಡಪ್ಪನ ಮಗ ಈಗ ದಾರಿಯಲ್ಲಿ ನಿಂತು "ನಮಸ್ಕಾರ್ರಿ ಮೇಷ್ಟ್ರ" ಎನ್ನುತ್ತಿದ್ದ, ತಮಾಷೆಯಿಲ್ಲದೆ. ಅದು ಹಿಂದಿನದಕ್ಕಿಂತ ಕಷ್ಟವಾಗಿತ್ತು.

ಸೇರಿದ ಎರಡನೆಯ ಭಾನುವಾರ ಅವ್ವ ಗುಡಿಗೆ ಕರೆದುಕೊಂಡು ಹೋದಳು. ಹೂ ಕೇಳಿದ್ದು ಕೈಗೂಡಿದರೆ, ಯಾರಿಗಾಗಿ ಕೇಳಿದ್ದೋ ಅವರೇ ಬಂದು ದೇವರಿಗೆ ಹೇಳಬೇಕು. ಬಂಡಾರದ ತಟ್ಟೆಯಲ್ಲಿ ಬಲಗೈ ಇಟ್ಟು, "ನೀ ಕೊಟ್ಟದ್ದು ನನಗ ಮುಟ್ಟಿತಪ್ಪ" ಎಂದು ಹೇಳಿ ಹಣೆಗೆ ಹಚ್ಚಿಕೊಳ್ಳಬೇಕು. ಬಂಡಾರವೆಂದರೆ ಅರಿಶಿನದ ಪುಡಿಯೇ. ಆದರೆ ನಮ್ಮ ಮಂದಿ ಅದರಲ್ಲಿ ಕೈಯಿಟ್ಟು ಸುಳ್ಳಾಡುವುದಿಲ್ಲ. ಕುರಿ ಕಳುವಿನ ಎಷ್ಟೋ ಜಗಳ ಆ ತಟ್ಟೆಯ ಮುಂದೆಯೇ ತೀರಿವೆ. ಕದ್ದವನು ಕೈ ನೀಡುವುದಿಲ್ಲ, ಅಲ್ಲಿಗೆ ಮುಗಿಯಿತು.

ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಅರಿಶಿನ ಯಾರನ್ನೂ ಏನೂ ಮಾಡುವುದಿಲ್ಲ ಎಂದು ಅಂದೂ ಗೊತ್ತಿತ್ತು. ಪೂಜಾರಿ ತಟ್ಟೆ ಮುಂದೆ ಹಿಡಿದ. ನನ್ನ ಕೈ ಪ್ಯಾಂಟಿನ ಜೇಬಿನಲ್ಲಿತ್ತು. ಅದನ್ನು ಹೊರಗೆ ತೆಗೆಯಲಾಗಲಿಲ್ಲ.

"ಇಡಪಾ," ಎಂದಳು ಅವ್ವ.

"ನಂಗ ಇದೆಲ್ಲ ಬ್ಯಾಡವ್ವ."

ಪೂಜಾರಿ ನಕ್ಕ. "ಓದಿದ ಮಂದಿಗೆ ಕೈ ಹಳದಿ ಆದಾವು ಅಂತ ಅಂಜಿಕಿ ಬಿಡವ್ವ."

"ಮೊದ್ಲಿಂದ ಹಂಗ ಅವ. ತಿಳಿಯಂಗಿಲ್ಲ, ಸ್ವಾಮಿ ಹೊಟ್ಟಿಗೆ ಹಾಕ್ಕಂತಾನ," ಎಂದು ಅವ್ವ ತಾನೇ ಚಿಟಿಕೆ ತೆಗೆದು ನನ್ನ ಹಣೆಗೆ ಹಚ್ಚಿದಳು. ನನ್ನ ನಾಸ್ತಿಕತೆಯ ಹಿಂದೆ ನಾನು ಅಡಗಿ ನಿಂತಿದ್ದೆ. ಅಷ್ಟು ವರ್ಷ ಅವಳೊಂದಿಗೆ ವಾದ ಮಾಡಿ ಗಳಿಸಿದ್ದು ಅದೊಂದೇ, ಅದನ್ನೂ ಅಂದು ಹಾಗೆ ಬಳಸಿದೆ.

ಗುಡಿಯ ಹಿಂದಿನ ಬೇವಿನ ಮರದ ಹತ್ತಿರ ಹೋಗಿ ತೆಲಿಗಿಗೆ ಫೋನು ಮಾಡಿದೆ. ಒಂದೇ ಹುದ್ದೆ ಎಂಬುದು ಅರ್ಜಿ ಕೊಡುವ ಹಿಂದಿನ ಸಂಜೆಯೇ ನನಗೆ ಗೊತ್ತಿತ್ತು ಎಂದೆ. ಆ ಕಡೆ ಕೂಸು ಏನೋ ಸದ್ದು ಮಾಡುತ್ತಿತ್ತು.

"ಮತ್ತೆ ಬಸ್ಸು?" ಎಂದಳು.

"ಬಸ್ಸು ನೋಡಿದ್ನೋ ಇಲ್ಲೋ ಖರೇನ ನೆನಪಿಲ್ಲ ತಂಗಿ. ಒಂದೊಂದ್ಸಲ ಒಂದೊಂದು ನಮೂನಿ ಅನ್ನಿಸ್ತೈತಿ. ಮನುಷ್ಯನ ನೆನಪು ಅಂದ್ರ..."

"ಅದೆಲ್ಲ ಬ್ಯಾಡ. ಕವರು ಯಾವ ಬಣ್ಣದ್ದು ಹೇಳು."

"ಹಳದಿ," ಎಂದೆ.

"ಬಣ್ಣ ನಾನು ನಿನಗೆ ಹೇಳಿರಲಿಲ್ಲ," ಎಂದಳು. ಆಮೇಲೆ ಕೂಸು ಅಳುತ್ತಿದೆ ಎಂದು ಹೇಳಿ ಫೋನು ಇಟ್ಟಳು. ಕೂಸು ಅಳುತ್ತಿರಲಿಲ್ಲ.

ಆಮೇಲೂ ನಾನು ಸುಮ್ಮನಿರಲಿಲ್ಲ. ಆಗಷ್ಟೇ ಬಂಡಾರ ನೋಡಿ ಬಂದಿದ್ದೆನಲ್ಲ, ಬಾಯಿಗೆ ಹಳದಿ ಬಂತೇನೋ ಎಂದುಕೊಂಡೆ. ಅಂಗಡಿಯ ಕವರುಗಳು ಹೆಚ್ಚಾಗಿ ಹಳದಿಯೇ ಇರುತ್ತವೆ ಎಂದುಕೊಂಡೆ. ಹೀಗೆ ಎಷ್ಟು ಬೇಕಾದರೂ ಹುಡುಕಬಲ್ಲೆ, ಅದಕ್ಕೇ ನನ್ನನ್ನು ಓದಿಸಿದ್ದು. ಆದರೆ ಹೀಗೆ ಹೇಳುವುದರಿಂದ ನನಗೇನು ಲಾಭ ಎಂಬ ಹಳೆಯ ಪ್ರಶ್ನೆಯನ್ನು ಕೇಳಿಕೊಂಡರೆ, ಯಾವ ಆವೃತ್ತಿ ಉಳಿಯುತ್ತದೆಂದು ಬೇರೆ ಹೇಳಬೇಕಿಲ್ಲ.

ಹುದ್ದೆ ಬಿಟ್ಟು ಅವಳಿಗೆ ದಾರಿ ಮಾಡಿಕೊಟ್ಟೆ ಎಂದು ಬರೆಯುವ ಆಸೆಯಾಗುತ್ತದೆ. ಬಿಡಲಿಲ್ಲ. ಮಾರ್ಚ್‌ವರೆಗೂ ಪಾಠ ಮಾಡಿದೆ. ಅತಿಥಿ ಶಿಕ್ಷಕರ ಕೆಲಸ ಅಲ್ಲಿಗೆ ಮುಗಿಯುತ್ತದೆ. ಜೂನ್‌ನಲ್ಲಿ ಅದೇ ಹುದ್ದೆಗೆ ಮತ್ತೆ ಅರ್ಜಿ ಕರೆದರು. ಒಂದೇ ಹುದ್ದೆ ಎಂದು ಮೊದಲ ಸಾಲಿನಲ್ಲೇ ಬರೆದು ಗುಂಪಿಗೆ ಹಾಕಿದೆ. ಅವಳ ಉತ್ತರ ಬಂತು: "ಮಾಹಿತಿಗೆ ಧನ್ಯವಾದಗಳು ಸರ್." ಇದು ಬರಹದಲ್ಲಿದೆ, ಈಗಲೂ ತೆಗೆದು ನೋಡಬಹುದು.

ಕೊನೆಯ ದಿನ ನನ್ನ ಅರ್ಜಿ ಹಿಡಿದು ನಿಲ್ದಾಣದಲ್ಲಿದ್ದೆ. ತೆಲಿಗಿ ಬಸ್ಸಿನಿಂದ ಅವಳೇ ಇಳಿದಳು. ಸೊಂಟದ ಮೇಲೆ ವರ್ಷದ ಕೂಸು, ಇನ್ನೊಂದು ಕೈಯಲ್ಲಿ ಕವರು, ಹೆಗಲಿಗೆ ಬ್ಯಾಗು. ನಾನು ಎದ್ದು ಹೋದೆ.

"ಕೊಡು ತಂಗಿ, ನಾನೂ ಅಲ್ಲಿಗೇ ಹೊಂಟೀನಿ. ಕೂಸನ್ನ ಎತ್ಕಂಡು ಅಷ್ಟು ದೂರ ಯಾಕ..."

"ಬ್ಯಾಡ್ರಿ ಸರ್. ನಾನೇ ಹೋಗ್ತೀನಿ."

ಸಿಟ್ಟಿನಿಂದ ಹೇಳಲಿಲ್ಲ. ಗುರುತಿಲ್ಲದ ಗಂಡಸಿಗೆ ಬಸ್ಸಿನಲ್ಲಿ ಹೇಳುವ ಹಾಗೆ, ಮರ್ಯಾದೆಯಿಂದಲೇ ಹೇಳಿದಳು. ಹೊಳೆಸಾಲಿನ ಬಸ್ಸಿನಲ್ಲಿ ಅವಳು ಮುಂದಿನ ಹೆಂಗಸರ ಸೀಟಿನಲ್ಲಿ ಕೂತಳು, ನಾನು ಹಿಂದೆ ನಿಂತೆ. ಕೂಸು ಅವಳ ಹೆಗಲ ಮೇಲಿಂದ ದಾರಿಯುದ್ದಕ್ಕೂ ನನ್ನನ್ನೇ ನೋಡುತ್ತಿತ್ತು. ಶಾಲೆಯಲ್ಲಿ ಅವಳು ಮೊದಲು ಅರ್ಜಿ ಕೊಟ್ಟಳು, ಅವಳ ಹಿಂದೆ ನಿಂತು ನಾನು ಕೊಟ್ಟೆ. ಅವಳ ಅಂಕವೇ ಹೆಚ್ಚು. ಹುದ್ದೆ ಅವಳಿಗೇ ಎಂದು ಅಲ್ಲೇ, ಆಗಲೇ ತೀರ್ಮಾನವಾಯಿತು.

ಮರುದಿನ ಬೆಳಿಗ್ಗೆ ಬ್ಯಾಗಿಗೆ ರೊಟ್ಟಿ ಹಾಕಿಕೊಂಡು ಹೊರಟೆ. ದೊಡ್ಡಪ್ಪನ ಮಗ ಕುರಿಗಳೊಂದಿಗೆ ಎದುರಾದ. ಆ ದಿನ ಹಿತ್ತಲಿನ ದಾರಿ ಹಿಡಿದಿರಲಿಲ್ಲ.