ಬೆಳ್ಳಿ ಹಾಳೆಯ ಹೊಲಿಗೆ

ಸಾರವಾಡದ ರುಕ್ಮವ್ವ ಊರವರ ಹಳೆಯ ಸೀರೆಗಳಿಂದ ಕೌದಿ ಹೊಲಿದೇ ಮಗಳು ಆಮ್ರಪಾಲಿಯನ್ನು ಓದಿಸಿದ್ದಳು. ಸೂಜಿ ಹಿಡಿಯಲು ಕಲಿಸಿದವಳೂ ಅವಳೇ. ಈಗ ಆಮ್ರಪಾಲಿ ಹೈದರಾಬಾದಿನ ಒಂದು ಕಾರ್ಖಾನೆಯಲ್ಲಿ ಬಾಹ್ಯಾಕಾಶ ನೌಕೆಯ ಇಂಧನ ಟ್ಯಾಂಕಿಗೆ ಹೊದಿಕೆ ಹೊಲಿಯುತ್ತಾಳೆ. ಒಳಗಿನ ದ್ರವ ಹೈಡ್ರೋಜನ್ ಎಷ್ಟು ತಣ್ಣಗೆಂದರೆ, ಅದರ ಮುಂದೆ ಮಂಜುಗಡ್ಡೆಯೂ ಬಿಸಿಯೇ. ಸೂರ್ಯನ ಕಾವು ತುಸು ಒಳಗಿಳಿದರೂ ಅದು ಕುದಿದು ಆವಿಯಾಗಿ ಟ್ಯಾಂಕಿನ ಒತ್ತಡ ಏರುತ್ತದೆ. ಆವಿಯನ್ನು ಹೊರಬಿಡುತ್ತ ಹೋದರೆ ಇಂಧನವೇ ಖಾಲಿ. ಅದಕ್ಕೇ ಬೆಳ್ಳಿಬಣ್ಣದ ತೆಳು ಹಾಳೆಗಳ ಪದರು. ಮೊದಮೊದಲು ಅವ್ವನಂತೆ ದಾರ ಬಿಗಿದೆಳೆದು ಹೊಲಿದಾಗ ಪದರುಗಳು ಒಂದಕ್ಕೊಂದು ಒತ್ತಿ, ಅಲ್ಲೇ ಕಾವು ದಾಟಿತ್ತು. ಎಲ್ಲ ಬಿಚ್ಚಿ, ಸಡಿಲವಾಗಿ ಹೊಲಿಯುವುದನ್ನು ಕಲಿತಳು.

ರಜೆಗೆ ಬಂದಾಗ ಅವಳು ಓದಿದ ಬಬಲೇಶ್ವರದ ಹೈಸ್ಕೂಲಿನವರು ಸನ್ಮಾನಕ್ಕೆ ಕರೆದರು.

“ನಮ್ಮ ಸಾಲಿ ಹುಡುಗಿ ಇವತ್ತ ದೊಡ್ಡ ವಿಜ್ಞಾನಿ ಆಗ್ಯಾಳ!” ಎಂದರು ಶಾಂತಪ್ಪ ಮಾಸ್ತರರು ಮೈಕಿನಲ್ಲಿ. ಅಲ್ಲ ಎನ್ನುವಷ್ಟರಲ್ಲಿ ಚಪ್ಪಾಳೆ, ಕೊರಳಿಗೆ ಹಾರ. ಆಮ್ರಪಾಲಿ ಹಾರ ಸರಿಮಾಡಿಕೊಂಡು ಎಲ್ಲರಿಗೂ ಕೈ ಮುಗಿದಳು.

ಹುಡುಗಿಯೊಬ್ಬಳು ಎದ್ದು ಕೇಳಿದಳು: “ನಿಮಗ ಈ ಕೆಲಸ ಯಾರ ಕಲಿಸ್ಯಾರ್ರಿ ಮೇಡಂ?”

ಬಾಗಿಲ ಬಳಿ ರುಕ್ಮವ್ವ ಮಾಸಿದ ಸೆರಗು ಸರಿಮಾಡಿಕೊಳ್ಳುತ್ತ ನಿಂತಿದ್ದಳು.

“ದೊಡ್ಡ ಕಾಲೇಜಿನ ಪ್ರೊಫೆಸರ್‌ಗಳು,” ಎಂದುಬಿಟ್ಟಳು ಆಮ್ರಪಾಲಿ. ಎಲ್ಲರ ಜೊತೆ ಅವ್ವನೂ ಚಪ್ಪಾಳೆ ತಟ್ಟಿದಳು.

ಮನೆಗೆ ಬಂದ ಮೇಲೆ ರುಕ್ಮವ್ವ ನೀರು ಕೊಡುತ್ತ ಕೇಳಿದಳು: “ನಾ ಅಲ್ಲಿಗಿ ಬರಬಾರದಿತ್ತೇನವ್ವಾ? ನಿನಗ ನಾಚಿಕಿ ಆತೇನ?”

ಆಮ್ರಪಾಲಿ ನೀರಿನ ಲೋಟ ಹಿಡಿದು ಒಳಗೆ ಹೋದಳು. ನಾಚಿಕೆ ಆಗಿದ್ದು ನಿಜವಾಗಿತ್ತು.

ಮರುದಿನ ಒಬ್ಬಳೇ ಶಾಲೆಗೆ ಹೋಗಿ ತರಗತಿಯಲ್ಲಿ ನಿಂತಳು. “ನಾ ವಿಜ್ಞಾನಿ ಅಲ್ಲ. ಟ್ಯಾಂಕಿಗೆ ಹೊದಿಕಿ ಹೊಲಿತೀನಿ, ಕಾವು ದಾಟಬಾರದಂತ ಸಡಿಲ ಹೊಲಿತೀನಿ. ಸೂಜಿ ಹಿಡಿಯೂದು ಕಲಿಸಿದಾಕಿ ನಮ್ಮವ್ವ. ನಿನ್ನೆ ಸುಳ್ಳ ಹೇಳೀನಿ.”

ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು. ಶಾಂತಪ್ಪ ಮಾಸ್ತರರು ನೆಲ ನೋಡಿದರು. “ನಿನ್ನೆನ ಹೇಳಬೇಕಿತ್ತಲ್ಲವಾ. ಪೇಪರಿನವರಿಗೆ ಸುದ್ದಿ ಕೊಟ್ಟೀವಿ.” ಆಮ್ರಪಾಲಿಯ ಮುಖ ಅವಮಾನದಿಂದ ಕೆಂಪಾಯಿತು. ಆದರೆ ನಿನ್ನೆಯ ಆ ಹುಡುಗಿ ಮತ್ತೆ ಎದ್ದಳು: “ಸಡಿಲ ಹೊಲದ್ರ ಬಿಚ್ಚಿಕೊಳ್ಳಂಗಿಲ್ಲೇನ್ರಿ?” ಆಮ್ರಪಾಲಿ ಅವಳ ಪಕ್ಕ ಕೂತು, ನೋಟ್‌ಬುಕ್ಕಿನ ಎರಡು ಹಾಳೆ ಹಿಡಿದು ತೋರಿಸಿದಳು.

ಸಂಜೆ ಅವ್ವನಿಗೆ ಎಲ್ಲ ಹೇಳಿದಳು. ರುಕ್ಮವ್ವ ಹಿಟ್ಟು ನಾದುತ್ತ ಕೇಳಿಸಿಕೊಂಡಳು.

“ಚಲೋ ಮಾಡಿದಿ. ಆದ್ರ ಆ ಮಾತ ನಿನ್ನೆ ನನ್ನ ಮುಂದ ಆಡಿದ್ದರ ನಾನೂ ಕೇಳತಿದ್ನಲ್ಲ,” ಎಂದು ರೊಟ್ಟಿ ಬಡಿಯತೊಡಗಿದಳು.