ಉಡಿಯೊಳಗಿನ ಚರಗ

ಮೊನ್ನೆ ಎಳ್ಳಮವಾಸ್ಯೆಯ ದಿನ ಮುದ್ದೇಬಿಹಾಳದ ಒಂದು ಸಣ್ಣ ಉದ್ಯಾನದಲ್ಲಿ ಕುಳಿತಿದ್ದೆ. ಎದುರಿನ ಹುಲ್ಲಿನ ಮೇಲೆ ಒಂದು ಕುಟುಂಬ ಬುತ್ತಿ ಬಿಚ್ಚಿತು. ಮೊದಲು ಸಜ್ಜೆ ಕಡಬಿನ ವಾಸನೆ, ಅದರ ಹಿಂದೆಯೇ ಹುರಿದ ಎಳ್ಳಿನದು… ನಮ್ಮ ಎದುರುಮನೆಯ ಕಾಕು ನೆನಪಾದಳು. ವಾಸನೆಯೊಂದನ್ನು ಬಿಟ್ಟರೆ ಮುಂದೆ ಹೇಳುವುದರಲ್ಲಿ ಯಾವುದಕ್ಕೂ ನಾನು ಪೂರ್ತಿ ಹೊಣೆಯಲ್ಲ.

ಆಗ ನಾವು ಬಸವನ ಬಾಗೇವಾಡಿಯಲ್ಲಿದ್ದೆವು. ಕಾಕುವಿನ ಹೊಲ ಹಳೆಯ ಕೊಲ್ಹಾರದ ಜೊತೆಗೇ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಎಳ್ಳಮವಾಸ್ಯೆಗೆ ಊರ ಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆಯ ನಡುವೆ ಅಡ್ಡಾಡಿ, ಭೂಮಿತಾಯಿಗೆ ಅಡುಗೆಯ ಚರಗ ಚೆಲ್ಲಿ, ಆಮೇಲೆ ಕೂಡಿ ಉಣ್ಣುವಾಗ ಕಾಕು ಮಾತ್ರ ಬಸ್ಸು ಹಿಡಿದು ಆಣೆಕಟ್ಟಿನ ಪಕ್ಕದ ಉದ್ಯಾನಕ್ಕೆ ಹೋಗುತ್ತಿದ್ದಳು. ಹೊಸ ಕೊಲ್ಹಾರಕ್ಕೇ ಹೋಗಿ ದಂಡೆಯಲ್ಲಿ ಚೆಲ್ಲಬಾರದೇ ಎಂದು ಯಾರೋ ಕೇಳಿದ್ದಕ್ಕೆ, “ಮಂದಿ ಹೊಲದಾಗ ನಿಂತು ನನ್ನ ಹೊಲಕ್ಕ ಹೆಂಗ ಚೆಲ್ಲಲಿ? ತೋಟ ಆದ್ರ ಸರಕಾರದ್ದು, ಯಾರೂ ಕೇಳಂಗಿಲ್ಲ” ಅಂದಿದ್ದಳು.

ಆದರೆ ಆ ವರ್ಷ ಕೇಳಿದರು. ನಾನು, ಅಕ್ಕ ಅವಳ ಜೊತೆಗಿದ್ದೆವು. ಗೇಟಿನ ಕಾವಲುಗಾರ ಬುತ್ತಿಗೆ ಕೈ ಅಡ್ಡ ಹಿಡಿದ.

“ಒಳಗ ಊಟ ಒಯ್ಯಂಗಿಲ್ರಿ.”

ಕಾಕು ಬುತ್ತಿಯನ್ನು ಅವನ ಕುರ್ಚಿಯ ಮೇಲಿಟ್ಟು ಮುಂದೆ ನಡೆದಳು.

“ಉಡ್ಯಾಗೇನೈತ್ರಿ ಅವ್ವಾರ?”

“ಹೆಣ್ಮಗಳ ಉಡಿ ಬಿಚ್ಚಿ ತೋರ್ಸು ಅಂತಿಯೇನೋ ತಮ್ಮಾ?”

ಅವನು ಮುಖ ಹೊರಳಿಸಿಬಿಟ್ಟ. ಗಂಡ ಹೋದ ಮೇಲೆ ಕಾಕುವಿನ ಉಡಿ ಯಾರೂ ತುಂಬಿರಲಿಲ್ಲ. ಆವತ್ತು ತಾನೇ ತುಂಬಿಕೊಂಡು ಬಂದಿದ್ದಳು… ಕಡಬು, ಎಳ್ಳು ಹಚ್ಚಿದ ರೊಟ್ಟಿಯ ಚೂರು, ಬಿಳಿ ಅನ್ನ, ಎಲ್ಲ ಕಲಸಿ.

ಒಳಗೆ ದೋಣಿ ಬಿಡುವ ಹೊಂಡವಿತ್ತು. ಅದರ ಕಟ್ಟೆಯ ಮೇಲೆ ನಿಂತು, ಸೆರಗು ಹೊದ್ದು, ಹೊಲದಲ್ಲಿ ಚರಗಕ್ಕೆ ಕೂಗುವಂತೆ, ಆದರೆ ಸಣ್ಣ ದನಿಯಲ್ಲಿ, “ಹುಲ್ಲುಲ್ಲಿಗೋ” ಎನ್ನುತ್ತ ನೀರಿಗೆ ಚರಗ ಚೆಲ್ಲತೊಡಗಿದಳು. ಹಿಂದಿನಿಂದ ಸೀಟಿ ಕೇಳಿಸಿತು. ಅದೇ ಕಾವಲುಗಾರ, ಅನುಮಾನ ಬಂದು ಬೆನ್ನು ಹತ್ತಿದ್ದ.

“ಅವ್ವಾರ, ಹೊಂಡ ಹೊಲಸ ಮಾಡಬ್ಯಾಡ್ರಿ!”

“ಹೊಂಡಲ್ಲೋ ಇದು. ಇದರ ಬುಡಕ ನನ್ನ ಹೊಲ ಐತಿ.”

“ಇದರ ಬುಡಕ ಸಿಮೆಂಟ್ ಐತ್ರಿ. ಪೈಪಿನ ನೀರಿದು. ಹಿನ್ನೀರು ಆ ಗುಡ್ಡದ ಆಚಿ ಕಡಿ.”

ಕಾಕು ಕೈ ತಡೆದು ನಿಂತಳು. “ಮೊದಲ ಸಲ ಬಂದಾಗ ಅವ್ರು ಇದ ಅಂತ ತೋರ್ಸಿದ್ರು” ಅಂದಳು. ಅವರು ಅಂದರೆ ಗಂಡ. ಆತನಿಗೂ ತಿಳಿದಿರಲಿಲ್ಲವೋ, ಇವಳ ಮೊಣಕಾಲು ನೋವು ನೋಡಿ ಗುಡ್ಡದ ಮಾತೇ ಎತ್ತಲಿಲ್ಲವೋ… ಅಷ್ಟು ವರ್ಷಗಳ ಚರಗವೆಲ್ಲ ಹೊಂಡದ ಪಾಲಾಗಿತ್ತು.

ಹೊತ್ತು ಇಳಿಯುತ್ತಿತ್ತು. ಕತ್ತಲಾದ ಮೇಲೆ ಚೆಲ್ಲಿದರೆ ಚರಗವಲ್ಲ. ಉಡಿಯಲ್ಲಿ ಉಳಿದದ್ದು ಬೊಗಸೆಗಿಂತ ಕಡಿಮೆ. ಕಾಕು ಗುಡ್ಡದ ಮೆಟ್ಟಿಲು ನೋಡಿದಳು. “ನಡೀರಿ” ಅಂದಳು. ಗೇಟು ಹಾಕುವ ಹೊತ್ತಾಯಿತೆಂದು ಗೊಣಗುತ್ತಲೇ ಕಾವಲುಗಾರನೂ ಹತ್ತಿದ.

ನನ್ನ ನೆನಪಿನಲ್ಲಿ ಅವಳು ತುದಿ ಮುಟ್ಟಿದಳು. ಆಚೆ ದಂಡೆ ಕಾಣದಷ್ಟು ನೀರು, ನೀರಿನ ಮೇಲೆ ಕೆಂಪು. ಉಡಿ ಬಿಚ್ಚಿ ಕೊಡವಿದಳು. ಗಾಳಿ ಅರ್ಧ ಅನ್ನವನ್ನು ನಮ್ಮ ಮುಖಕ್ಕೇ ತಂದು ಹಾಕಿತು. ಅವಳು ನಕ್ಕಳು.

ಅಕ್ಕ ಇದನ್ನು ಒಪ್ಪುವುದಿಲ್ಲ. ಅರ್ಧ ಗುಡ್ಡಕ್ಕೇ ಕಾಲು ಸೋತು ಕಾಕು ಮೆಟ್ಟಿಲ ಮೇಲೆ ಕುಳಿತಳಂತೆ. ಉಳಿದ ಚರಗವನ್ನು ಕಾವಲುಗಾರನ ಟೊಪ್ಪಿಗೆಯಲ್ಲಿ ಹಾಕಿ, “ನೀನ ಚೆಲ್ಲಿ ಬಾ ತಮ್ಮಾ. ನನ್ನ ಹೆಸರು ಹೇಳಬ್ಯಾಡ, ಹೊಲಕ್ಕ ಗೊತ್ತಾಗತೈತಿ” ಅಂದಳಂತೆ. ಅವನು ಓಡಿ ಹೋಗಿ ಚೆಲ್ಲಿ ಬಂದು, ಖಾಲಿ ಟೊಪ್ಪಿಗೆ ತೋರಿಸಿದನಂತೆ.

ನನ್ನದು ಹೆಚ್ಚು ಚೆಂದ ಇದೆ. ಅದಕ್ಕೇ ನನಗೆ ಅದರ ಮೇಲೆ ಅನುಮಾನ. ಇಬ್ಬರ ನೆನಪೂ ಕೂಡುವುದು ಒಂದೇ ಕಡೆ: ಹೊರಗೆ ಬಂದ ಮೇಲೆ ಗೇಟಿನ ಬಳಿ ಬುತ್ತಿ ಬಿಚ್ಚಿದಳು, ಮೊದಲ ಕಡಬು ಕಾವಲುಗಾರನಿಗೆ ಕೊಟ್ಟಳು. “ಈಗ ಗೇಟಿನ ಹೊರಗದೇವಿ, ತಿನ್ನು” ಅಂದಳು. ಮುಂದಿನ ಎಳ್ಳಮವಾಸ್ಯೆಗೆ ಕಾಕು ಇರಲಿಲ್ಲ.

ಮೊನ್ನೆ ಆ ಕುಟುಂಬದ ಹೆಂಗಸು ನನ್ನ ಕೈಗೂ ಒಂದು ಕಡಬು ಇಟ್ಟಳು. “ತಗೋರಿ, ಹಬ್ಬದ ದಿನ ಒಬ್ರ ಕುಂತೀರಿ.”

ತುದಿ ಮುರಿದು ಹಿಡಿದುಕೊಂಡು ಎದ್ದೆ. ಯಾವ ಕಡೆ ತಿರುಗಬೇಕೋ ತಿಳಿಯಲಿಲ್ಲ.

“ಕೊಲ್ಹಾರ ಯಾವ ಕಡಿ ಬರತೈತ್ರಿ?”

“ಯಾಕ್ರಿ, ಬಸ್ಸಿಗೇನು?”

“ಹೌದ್ರಿ.”

ಅವಳು ಬೆರಳು ತೋರಿಸಿದ ಕಡೆ ಉದ್ಯಾನದ ಕಂಪೌಂಡ್ ಗೋಡೆ ಇತ್ತು. ಕಡಬಿನ ಚೂರನ್ನು ಅದರ ಬುಡಕ್ಕೆ ಚೆಲ್ಲಿದೆ. ಈ ಸಲವಾದರೂ ದಿಕ್ಕು ಸರಿಯೇ ಎಂದು ಕೇಳೋಣವೆಂದರೆ ಕಾಕು ಇಲ್ಲ…