ದಿನಕ್ಕೊಂದು ದೇಶದ ಇಸ್ತ್ರಿ ಅಕ್ಕ

ಕ್ಯಾಂಪಸ್ಸಿನ ವೈಫೈಗೆ ನಾನೇ ಚಕ್ರವರ್ತಿ. ಸಿನಿಮಾ, ಆಟ, ವಿಡಿಯೊ ಕಾಲ್, ಎಲ್ಲಕ್ಕೂ ಬಾಗಿಲು ಬಂದ್. ವಿಪಿಎನ್ ಹಾಕಿಕೊಂಡು ಪರದೇಶದವರ ವೇಷದಲ್ಲಿ ನುಸುಳುವ ಹುಡುಗರನ್ನೆಲ್ಲ ಹಿಡಿದು ಹೊರಗಟ್ಟಿದ್ದೇನೆ. ಒಬ್ಬ ಕಳ್ಳ ಮಾತ್ರ ಆರು ತಿಂಗಳಿಂದ ನನ್ನ ಮೀಸೆಗೆ ಮಣ್ಣು ಮೆತ್ತುತ್ತಿದ್ದ. ದಿನಾ ಹನ್ನೊಂದು ಗಂಟೆಗೆ ಬರುತ್ತಿದ್ದ, ದಿನಕ್ಕೊಂದು ದೇಶದಿಂದ.

ಆ ಸೋಮವಾರ ಅವನ ದಾರಿಯನ್ನೂ ಮುಚ್ಚಿ, ಜಾಡು ಹಿಡಿದು ದಂಡಯಾತ್ರೆ ಹೊರಟೆ. ಜಾಡು ಹಾಸ್ಟೆಲಿನ ನೆಲಮಾಳಿಗೆಯ ಲಾಂಡ್ರಿಗೆ ಇಳಿಯಿತು. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವ ಅಕ್ಕ ಫೋನನ್ನು ಕುಲುಕುತ್ತಿದ್ದಳು.

"ಸಾರ್, ಒಳ್ಳೇ ಟೈಮಿಗೆ ಬಂದ್ರಿ! ಯಾರೋ ಪುಣ್ಯಾತ್ಮ ನೆಟ್ ಕಟ್ ಮಾಡಿದಾನೆ."

"ಆ ಪುಣ್ಯಾತ್ಮ ನಾನೇ ಕಣಮ್ಮ."

ಅವಳು ಬೈಯಲಿಲ್ಲ. "ಬೇಗ ಬಿಡಿ ಸಾರ್. ನನ್ನ ತಂಗಿಗೆ ಕಿವಿ ಕೇಳ್ಸಲ್ಲ, ಮಾತೂ ಇಲ್ಲ, ಬರೆಯೋಕೂ ಬರಲ್ಲ. ಆಪರೇಷನ್ನಿಗೆ ಕರ್ಕೊಂಡು ಹೋಗ್ತಿದಾರೆ. ಪ್ರಜ್ಞೆ ತಪ್ಸೋ ಇಂಜೆಕ್ಷನ್ ಕೊಡೋಕೆ ಮುಂಚೆ ನರ್ಸಮ್ಮ ಏನೋ ಕೇಳ್ತಿದ್ರು, ಅಷ್ಟರಲ್ಲಿ ಕಟ್ಟಾಯ್ತು. ಅವಳ ಕೈಮಾತು ಅಲ್ಲಿ ಯಾರಿಗೂ ತಿಳಿಯಲ್ಲ."

"ಮೊಬೈಲ್ ನೆಟ್‌ನಲ್ಲಿ ಮಾಡಬಾರ್ದಾ?"

"ಈ ಕ್ಯಾಂಪಸ್ಸಲ್ಲಿ ಸಿಗ್ನಲ್ ಎಲ್ಲಿದೆ ಸಾರ್? ಇದ್ದಿದ್ರೆ ತಂಗಿ ನೋಡೋಕೆ ದಿನಾ ನಿಮ್ಮ ಗೋಡೆ ಯಾಕೆ ಹಾರ್ತಿದ್ದೆ?"

ಚಕ್ರವರ್ತಿ ಇಸ್ತ್ರಿ ಮೇಜಿನ ಮೇಲೇ ಲ್ಯಾಪ್ಟಾಪ್ ತೆರೆದ. ಪಾಸ್‌ವರ್ಡ್ ಎರಡು ಸಲ ತಪ್ಪಿತು, ಮೂರನೆಯದಕ್ಕೆ ಅವಳ ಹಳೇ ದಾರಿಯ ಬೀಗ ಬಿಟ್ಟಿತು. ಅವಳು ವಿಪಿಎನ್ ತೆರೆದು ದೇಶದೇಶಗಳ ಬಾವುಟಗಳ ಪಟ್ಟಿಯ ಮೇಲೆ ಸರಸರ ಬೆರಳಾಡಿಸಿದಳು.

"ಯಾವುದೋ ಒಂದು ಒತ್ತಮ್ಮ!"

"ಕೆಂಪು ಪಕ್ಕ ಬಿಳಿ ಇರೋದು ಬೇಡ ಸಾರ್, ಬಣ್ಣ ಹತ್ತುತ್ತೆ."

ಆ ಕಡೆ ನರ್ಸು ಫೋನು ಹಿಡಿದಿದ್ದಳು; ಗಾಲಿಮಂಚದ ಮೇಲಿನ ತಂಗಿಯ ಮುಖ ಮೂಡಿತು. ಅಕ್ಕನ ಒಂದು ಕೈಯಲ್ಲಿ ಫೋನು; ಇನ್ನೊಂದೇ ಕೈಯಲ್ಲಿ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಫೋನು ನಾನು ಹಿಡಿದೆ.

ಆಮೇಲೆ ನೋಡಿದ್ದನ್ನು ಹೇಗೆ ಹೇಳಲಿ? ಆ ಭಾಷೆ ಯಾವ ಶಾಲೆಯದೂ ಅಲ್ಲವಂತೆ. ಒಂದೇ ಹೊದಿಕೆಯೊಳಗೆ ಮಲಗುತ್ತಿದ್ದ ಇಬ್ಬರು ಪುಟ್ಟ ಹುಡುಗಿಯರು ಕಟ್ಟಿಕೊಂಡದ್ದು. ಜಗತ್ತಿನಲ್ಲಿ ಅದನ್ನು ಬಲ್ಲವರು ಇಬ್ಬರೇ. ಕಾದ ಇಸ್ತ್ರಿಗೆ ಸುಟ್ಟು ಗಡುಸಾದ ಬೆರಳುಗಳು ಗಾಳಿಯಲ್ಲಿ ಪ್ರಶ್ನೆ ಬರೆದವು. ಆ ಕಡೆಯಿಂದ ತಂಗಿ ದವಡೆ ಮುಟ್ಟಿದಳು, ತೋಳಿಗೆ ಚುಚ್ಚಿಕೊಂಡಳು, ಗಂಟಲು ಹಿಡಿದು ಕಣ್ಣು ತೇಲಿಸಿದಳು.

"ನರ್ಸಮ್ಮಾ!" ಅಕ್ಕ ಕೂಗಿದಳು. "ಹೋದ ತಿಂಗಳು ಹಲ್ಲು ಕೀಳಿಸಿದಾಗ ಕೊಟ್ಟ ಇಂಜೆಕ್ಷನ್ನಿಗೆ ಗಂಟಲು ಊದಿ ಉಸಿರು ಕಟ್ಟಿತ್ತಂತೆ. ನಂಗೆ ಗಾಬರಿ ಆಗುತ್ತೆ ಅಂತ ಮುಚ್ಚಿಟ್ಟಿದ್ಲು, ಕಳ್ಳಿ!"

ಗಾಲಿಮಂಚ ನಿಂತಿತು. ಡಾಕ್ಟರು ಬಂದು ಎರಡೆರಡು ಸಲ ಕೇಳಿ ಬರೆದುಕೊಂಡರು. "ಹೇಳಿದ್ದು ಒಳ್ಳೇದಾಯ್ತಮ್ಮ. ಯಾವ ಮದ್ದು ಅಂತ ವಿಚಾರಿಸಿಯೇ ಮುಂದುವರೀತೀವಿ. ಅಲ್ಲೀವರೆಗೆ ಲೈನಲ್ಲೇ ಇರಿ."

ಅಕ್ಕ ಕಣ್ಣೊರೆಸಿಕೊಂಡು ಮತ್ತೆ ಕೈಯಾಡಿಸಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು.

"ಏನಂದೆ?"

"ಆಫೀಸಿನ ದೊಡ್ಡ ಸಾರೇ ಫೋನ್ ಹಿಡ್ಕೊಂಡು ನಿಂತಿದಾರೆ ಅಂದೆ."

"ಅದಕ್ಕೆ ಅವಳು?"

"ನೆಟ್ಟಗೆ ಹಿಡಿಯೋಕೆ ಹೇಳು, ನಿನ್ನ ಕೈ ಕಾಣ್ತಿಲ್ಲ ಅಂದ್ಲು."

ನೆಟ್ಟಗೆ ಹಿಡಿದೆ.